ಆರೈಕೆಯ ಕೈಗಳಿಗೆ ಸೋಂಕಿನ ಎಚ್ಚರ

ಪುಷ್ಯ ಮಾಸ ಕಳೆದು ಮಲೆನಾಡಿನ ಕಾಡು ಒಣಗತೊಡಗಿದೊಡನೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಜ್ವರದ ಮಾತು ಕೇಳಿಬರುತ್ತದೆ. ಶೃಂಗೇರಿ ತಾಲ್ಲೂಕಿನ ಬೇಗಾರಿನಂತಹ ಊರಿನಲ್ಲಿ ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಸೊಪ್ಪಿನ ಬೆಟ್ಟದಿಂದ ದರಗು ತಂದು ಕೊಟ್ಟಿಗೆಗೆ ಹಾಸಿದ ಕೃಷಿಕರೊಬ್ಬರಿಗೆ ವಾರದೊಳಗೆ ಜ್ವರ ಏರಿದೆ. ತಲೆ ಸಿಡಿಯುವ ನೋವು, ಸೊಂಟ ಮತ್ತು ಕೈಕಾಲುಗಳಲ್ಲಿ ಸೆಳೆತ, ಕೆಂಪಾದ ಕಣ್ಣು. ಇದು ಮಂಗನ ಕಾಯಿಲೆಯೋ, ಇಲಿಜ್ವರವೋ, ಡೆಂಗಿಯೋ, ಅಥವಾ ನಾಲ್ಕು ದಿನಗಳಲ್ಲಿ ತಾನಾಗಿ ಇಳಿಯುವ ಸಾಮಾನ್ಯ ಜ್ವರವೋ? ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ, ರಕ್ತದ ಮಾದರಿ ತೆಗೆಯುವ ದಾದಿಗೆ, ಹಾಸಿಗೆಯ ಬಳಿ ಕುಳಿತ ಮಡದಿಗೆ ಆ ಕ್ಷಣದಲ್ಲಿ ಉತ್ತರ ತಿಳಿದಿರುವುದಿಲ್ಲ. ಪ್ರಯೋಗಾಲಯದ ಫಲಿತಾಂಶ ಬರುವವರೆಗೆ ಕಾಯಲೇಬೇಕು. ಆದರೆ ಆರೈಕೆ ಕಾಯುವಂತಿಲ್ಲ. ನೀರು ಕುಡಿಸಬೇಕು, ವಾಂತಿ ಒರೆಸಬೇಕು, ಸೂಜಿ ಹಾಕಬೇಕು, ಬಟ್ಟೆ ಬದಲಿಸಬೇಕು.

ಇಂತಹ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ಆಗುತ್ತವೆ. ಕೆಲವರು ಭಯದಿಂದ ರೋಗಿಯನ್ನೂ ಅವರ ಮನೆಯನ್ನೂ ದೂರವಿಡುತ್ತಾರೆ. ಮತ್ತೆ ಕೆಲವರು ‘ನಮ್ಮವರಲ್ಲವೇ, ಏನಾಗುತ್ತದೆ’ ಎಂಬ ಪ್ರೀತಿಯಿಂದ ಯಾವ ಎಚ್ಚರವನ್ನೂ ವಹಿಸದೆ ಬರಿಗೈಯಲ್ಲಿ ರಕ್ತ, ಕಫ, ವಾಂತಿಗಳನ್ನು ಮುಟ್ಟುತ್ತಾರೆ. ಮೊದಲನೆಯದರಿಂದ ರೋಗಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಸೇವೆ ಮಾಡುವವರಿಗೂ ಅವರ ಮೂಲಕ ಇತರರಿಗೂ ಅಪಾಯವಾಗುತ್ತದೆ. ಇವೆರಡರ ನಡುವೆ ವೈದ್ಯವಿಜ್ಞಾನವು ಕಂಡುಕೊಂಡಿರುವ ದಾರಿಯೇ ಸೋಂಕು ನಿಯಂತ್ರಣ. ಆಸ್ಪತ್ರೆಯ ಸಿಬ್ಬಂದಿಗೆಂದು ರೂಪುಗೊಂಡ ಈ ಶಾಸ್ತ್ರದ ಮೂಲ ತತ್ತ್ವಗಳು ಮನೆಯಲ್ಲಿ ಹಿರಿಯರ ಆರೈಕೆ ಮಾಡುವ ಪ್ರತಿಯೊಬ್ಬ ಸದ್ಭಕ್ತರಿಗೂ ಉಪಯುಕ್ತವಾಗಿವೆ.

ಸೋಂಕಿನ ಸರಪಳಿ

ಸೋಂಕು ಎಂದರೆ ಕಣ್ಣಿಗೆ ಕಾಣದ ರೋಗಾಣುವೊಂದು ದೇಹವನ್ನು ಹೊಕ್ಕು, ಅಲ್ಲಿ ವೃದ್ಧಿಯಾಗಿ, ತೊಂದರೆ ಕೊಡುವುದು. ಅದು ಒಬ್ಬರಿಂದ ಮತ್ತೊಬ್ಬರಿಗೆ ತಲುಪಬೇಕಾದರೆ ಆರು ಕೊಂಡಿಗಳು ಒಂದಕ್ಕೊಂದು ಸೇರಬೇಕು. ರೋಗಾಣು ಇರಬೇಕು; ಅದು ನೆಲೆಸಿ ಬೆಳೆಯುವ ತಾಣವಿರಬೇಕು; ಆ ತಾಣದಿಂದ ಹೊರಬರುವ ದ್ವಾರವಿರಬೇಕು; ಸಾಗುವ ದಾರಿಯಿರಬೇಕು; ಹೊಸ ದೇಹವನ್ನು ಪ್ರವೇಶಿಸುವ ದ್ವಾರವಿರಬೇಕು; ಕೊನೆಯದಾಗಿ, ಆ ರೋಗಾಣುವನ್ನು ಎದುರಿಸುವ ಶಕ್ತಿಯಿಲ್ಲದ ದೇಹವಿರಬೇಕು. ಇವುಗಳಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೂ ಸರಪಳಿ ತುಂಡಾಗುತ್ತದೆ. ಸೋಂಕು ನಿಯಂತ್ರಣದ ಎಲ್ಲ ವಿಧಾನಗಳೂ ಈ ಆರರಲ್ಲಿ ಒಂದನ್ನು ಕಳಚುವ ಉಪಾಯಗಳೇ ಆಗಿವೆ.

ನಮ್ಮ ಭಾಗದ ಮಂಗನ ಕಾಯಿಲೆಯನ್ನೇ ಉದಾಹರಣೆಯಾಗಿ ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಮೊದಲಿಗೆ ಇದು ಹಳದಿ ಜ್ವರವಿರಬಹುದೆಂಬ ಸಂಶಯ ಮೂಡಿತ್ತು. ತನಿಖೆಯ ನಂತರ, ಅದುವರೆಗೆ ಯಾರೂ ಅರಿಯದ ಹೊಸ ವೈರಾಣು ಎಂಬುದು ಖಚಿತವಾಯಿತು. ಆ ಕಾಡಿನ ಹೆಸರೇ ರೋಗಕ್ಕೂ ಬಂದಿತು. ಈ ವೈರಾಣುವನ್ನು ಹೊತ್ತು ಸಾಗಿಸುವುದು ಕಾಡಿನ ಒಣ ಎಲೆಗಳ ನಡುವೆ ಇರುವ ಉಣುಗು. ಕಪ್ಪು ಮೂತಿಯ ಮುಸುವ, ಕೆಂಪು ಮೂತಿಯ ಮಂಗಗಳಿಗೆ ಸೋಂಕು ತಗುಲಿ ಅವು ಸತ್ತಾಗ, ಮೈಮೇಲಿನ ಉಣುಗುಗಳು ಕೆಳಗುದುರಿ ಸುತ್ತಮುತ್ತ ಹರಡುತ್ತವೆ. ಉಣುಗಿನ ಮರಿಗಳು ಬಹಳ ಚಿಕ್ಕವು, ಕಚ್ಚಿದರೂ ಗೊತ್ತಾಗದಿರಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗ ಹೆಚ್ಚಾಗಿ ಕಾಣಿಸುವುದಕ್ಕೆ ಇದೇ ಕಾರಣ. ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಆರಂಭವಾಗುತ್ತದೆ. ಪೀಡಿತರಲ್ಲಿ 100ಕ್ಕೆ 3ರಿಂದ 5 ಮಂದಿ ಸಾವಿಗೀಡಾಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಈ ಮೂರು ತಾಲ್ಲೂಕುಗಳಲ್ಲಿಯೂ ಪ್ರಕರಣಗಳು ಕಂಡುಬಂದಿವೆ.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಈ ಸರಪಳಿ ಮನುಷ್ಯನನ್ನು ತಲುಪಿದ ಮೇಲೆ ಅಲ್ಲಿಗೇ ನಿಲ್ಲುತ್ತದೆ. ಮಂಗನ ಕಾಯಿಲೆ ಒಬ್ಬ ಮನುಷ್ಯನಿಂದ ಮತ್ತೊಬ್ಬನಿಗೆ ಹರಡುವುದಿಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ, ತಟ್ಟೆ ತೊಳೆದರೆ, ಅವರ ಮನೆಗೆ ಹೋಗಿ ಸಾಂತ್ವನ ಹೇಳಿದರೆ ರೋಗ ಬರುವುದಿಲ್ಲ. ಆದ್ದರಿಂದ ಆ ಮನೆಯವರನ್ನು ದೂರವಿಡುವುದಕ್ಕೆ, ಕೂಲಿಗೆ ಕರೆಯದಿರುವುದಕ್ಕೆ, ಸಮಾರಂಭಗಳಿಗೆ ಬಾರದಂತೆ ಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಇದೇ ವೈರಾಣುವನ್ನು ಪ್ರಯೋಗಾಲಯದಲ್ಲಿ ನಿರ್ವಹಿಸುತ್ತಿದ್ದವರಿಗೆ ಸೋಂಕು ತಗುಲಿದ ಪ್ರಸಂಗಗಳು ದಾಖಲಾಗಿವೆ. ಹಾಗಾಗಿ ರೋಗಿಯ ರಕ್ತ ತೆಗೆಯುವವರು, ಅದನ್ನು ಸಾಗಿಸುವವರು, ಪರೀಕ್ಷಿಸುವವರು ಕಟ್ಟುನಿಟ್ಟಿನ ಎಚ್ಚರ ವಹಿಸಲೇಬೇಕು. ರೋಗ ಒಂದೇ ಆದರೂ ನೆರೆಯವರಿಗೆ ಬೇಕಾದ ಎಚ್ಚರ ಬೇರೆ, ಸೂಜಿ ಹಿಡಿದವರಿಗೆ ಬೇಕಾದ ಎಚ್ಚರ ಬೇರೆ. ವ್ಯತ್ಯಾಸ ಇರುವುದು ಅವರವರು ಮಾಡುವ ಕೆಲಸದಲ್ಲಿ.

ರೋಗದ ಹೆಸರು ತಿಳಿಯುವ ಮೊದಲೇ

ಪಕ್ಕದ ಕೇರಳದ ಒಂದು ಘಟನೆ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 2018ರ ಮೇ ತಿಂಗಳಿನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಜ್ವರಪೀಡಿತರೊಬ್ಬರು ತಾಲ್ಲೂಕು ಆಸ್ಪತ್ರೆಗೆ ದಾಖಲಾದರು. ಆಗ ಅದು ನಿಪಾ ವೈರಾಣುವಿನ ಜ್ವರವೆಂದು ಯಾರಿಗೂ ತಿಳಿದಿರಲಿಲ್ಲ. ನಿಪಾ ಮನುಷ್ಯನಿಂದ ಮನುಷ್ಯನಿಗೆ, ವಿಶೇಷವಾಗಿ ಕೆಮ್ಮು ಮತ್ತು ಉಸಿರಾಟದ ತೊಂದರೆಯುಳ್ಳ ರೋಗಿಯ ನಿಕಟ ಆರೈಕೆ ಮಾಡುವವರಿಗೆ ಹರಡಬಲ್ಲದು. ಅವರ ಆರೈಕೆ ಮಾಡಿದ ದಾದಿ ಲಿನಿ ಪುದುಶ್ಶೇರಿ ಅದೇ ತಿಂಗಳ 21ರಂದು ಅದೇ ರೋಗದಿಂದ ನಿಧನರಾದರು. ಆ ಬಾರಿ ರೋಗ ತಗುಲಿದವರಲ್ಲಿ ಹೆಚ್ಚಿನವರಿಗೆ ಸೋಂಕು ಹರಡಿದ್ದು ಆಸ್ಪತ್ರೆಗಳಲ್ಲಿಯೇ ಎಂಬುದು ನಂತರದ ಪರಿಶೀಲನೆಯಿಂದ ತಿಳಿಯಿತು.

ಜ್ವರದ ಮೊದಲ ದಿನ ಮಂಗನ ಕಾಯಿಲೆಯ ರೋಗಿಗೂ ನಿಪಾ ರೋಗಿಗೂ ಹೊರನೋಟದಲ್ಲಿ ದೊಡ್ಡ ಅಂತರವಿರುವುದಿಲ್ಲ. ಆದ್ದರಿಂದ ರೋಗದ ಹೆಸರು ತಿಳಿದ ಮೇಲೆ ಎಚ್ಚರ ವಹಿಸುತ್ತೇನೆ ಎನ್ನುವ ಕ್ರಮ ನಿಷ್ಫಲವಾಗುತ್ತದೆ. ವೈದ್ಯಲೋಕ ಈ ಪಾಠವನ್ನು ಎಚ್‌ಐವಿ ಸೋಂಕಿನ ಕಾಲದಲ್ಲಿ ಕಲಿಯಿತು. ಸೋಂಕಿರುವವರಲ್ಲಿ ಅನೇಕರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುತ್ತಿರಲಿಲ್ಲ. ಯಾರ ರಕ್ತದಲ್ಲಿ ಸೋಂಕಿದೆ, ಯಾರ ರಕ್ತದಲ್ಲಿ ಇಲ್ಲ ಎಂದು ನೋಡಿ ಹೇಳುವುದು ಅಸಾಧ್ಯವಾಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1987ರಲ್ಲಿ, ಎಲ್ಲ ರೋಗಿಗಳ ರಕ್ತವನ್ನೂ ಸೋಂಕುಳ್ಳದ್ದೆಂದೇ ಭಾವಿಸಿ ನಿರ್ವಹಿಸಬೇಕೆಂಬ ಸೂಚನೆಯನ್ನು ಪ್ರಕಟಿಸಿತು. 1996ರಲ್ಲಿ ಅದನ್ನು ವಿಸ್ತರಿಸಿ, ರಕ್ತ, ಬೆವರನ್ನುಳಿದ ಎಲ್ಲ ದೇಹದ್ರವಗಳು, ಗಾಯಗೊಂಡ ಚರ್ಮ, ಬಾಯಿ ಮೂಗುಗಳ ಒಳಪೊರೆ ಇವೆಲ್ಲಕ್ಕೂ ಅನ್ವಯಿಸಿತು. ಇಂದು ಜಗತ್ತಿನಾದ್ಯಂತ ‘ಸಾಮಾನ್ಯ ಮುನ್ನೆಚ್ಚರಿಕೆಗಳು’ ಎಂದು ಪಾಲಿಸುವುದು ಇದನ್ನೇ. ಇದರ ಸಾರ ಸರಳವಾದುದು. ಎದುರಿಗಿರುವವರು ಯಾರು, ಅವರ ರೋಗ ಯಾವುದು ಎಂಬುದನ್ನು ಲೆಕ್ಕಿಸದೆ, ನಾನು ಈಗ ಮಾಡಲಿರುವ ಕೆಲಸದಲ್ಲಿ ಯಾವುದು ನನ್ನ ಮೈಗೆ ತಾಗಬಹುದು ಎಂದು ಕೇಳಿಕೊಂಡು, ಅದಕ್ಕೆ ತಕ್ಕ ರಕ್ಷಣೆ ಮಾಡಿಕೊಳ್ಳುವುದು.

ಸೂತಕವಿಲ್ಲದ ಧರ್ಮ, ಎಚ್ಚರವಿರುವ ಸೇವೆ

ಶರಣ ಪರಂಪರೆಯಲ್ಲಿ ಬೆಳೆದವರಿಗೆ ಈ ತತ್ತ್ವ ಅಪರಿಚಿತವೆನಿಸಲಾರದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಿಗೆ ನಮ್ಮ ಧರ್ಮದಲ್ಲಿ ಎಡೆಯಿಲ್ಲ. ಯಾವ ಮನುಷ್ಯನೂ ಹುಟ್ಟಿನಿಂದಾಗಲಿ ದೇಹದ ಸಹಜ ಸ್ಥಿತಿಯಿಂದಾಗಲಿ ಮೈಲಿಗೆಯಾಗುವುದಿಲ್ಲ ಎಂಬುದು ಅದರ ಅರ್ಥ. ರೋಗಿಯೂ ಮೈಲಿಗೆಯಲ್ಲ. ಕ್ಷಯ, ಕುಷ್ಠ, ಎಚ್‌ಐವಿ, ಕೋವಿಡ್, ಮಂಗನ ಕಾಯಿಲೆ ಇವುಗಳಲ್ಲಿ ಯಾವುದು ಬಂದರೂ ಆ ವ್ಯಕ್ತಿ ನಮ್ಮ ಸಹಾನುಭೂತಿಗೂ ಸೇವೆಗೂ ಅರ್ಹನೇ ಆಗಿದ್ದಾನೆ.

ಆದರೆ ಸೂತಕವಿಲ್ಲ ಎಂದಮಾತ್ರಕ್ಕೆ ರೋಗಾಣುವಿಲ್ಲ ಎಂದು ಯಾರೂ ತಿಳಿಯಬಾರದು. ಎಂಜಲಿನಿಂದ ಯಾರೂ ಧರ್ಮದಿಂದ ಕೆಳಗಿಳಿಯುವುದಿಲ್ಲ. ಆದರೆ ಎಂಜಲಿನಲ್ಲಿ ರೋಗಾಣು ಇರಬಲ್ಲದು. ಮೊದಲನೆಯದು ಮನುಷ್ಯನ ಘನತೆಗೆ ಸಂಬಂಧಿಸಿದ ಮಾತು, ಎರಡನೆಯದು ಜೀವಶಾಸ್ತ್ರಕ್ಕೆ ಸಂಬಂಧಿಸಿದ್ದು. ಇದೇ ರೀತಿ ಮಡಿಗೂ ಶುಚಿತ್ವಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಮಡಿಯಲ್ಲಿರುವವರು ಯಾರನ್ನು ಮುಟ್ಟಿದೆ ಎಂದು ನೋಡಿಕೊಳ್ಳುತ್ತಾರೆ. ಶುಚಿತ್ವ ಪಾಲಿಸುವವರು ಏನನ್ನು ಮುಟ್ಟಿದೆ, ನಂತರ ಕೈ ತೊಳೆದೆನೇ ಎಂದು ನೋಡಿಕೊಳ್ಳುತ್ತಾರೆ. ಮುಂಜಾನೆ ಸ್ನಾನ ಮಾಡಿ ಮಡಿಯುಟ್ಟವರ ಕೈಯೂ ಒಬ್ಬ ರೋಗಿಯ ಗಾಯವನ್ನು ಮುಟ್ಟಿ, ತೊಳೆಯದೆ, ಇನ್ನೊಬ್ಬರನ್ನು ಮುಟ್ಟಿದರೆ ಸೋಂಕನ್ನು ಸಾಗಿಸುತ್ತದೆ.

ಕೈ ತೊಳೆಯುವುದೇ ಮೊದಲ ಚಿಕಿತ್ಸೆ

ಈ ಮಾತಿಗೆ ಇತಿಹಾಸದಲ್ಲಿ ಮನಕಲಕುವ ಸಾಕ್ಷ್ಯವಿದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ವೈದ್ಯರ ವಿಭಾಗದಲ್ಲಿಯೇ ಬಹಳ ಹೆಚ್ಚಾಗಿತ್ತು. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯರು ಇದರ ಕಾರಣವನ್ನು ಹುಡುಕಿದರು. ಆ ವಿಭಾಗದವರು ಶವಪರೀಕ್ಷೆ ಮಾಡಿದ ಕೈಗಳಿಂದಲೇ ನೇರವಾಗಿ ಬಂದು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. 1847ರ ಮೇ ತಿಂಗಳಿನಲ್ಲಿ ಸೆಮ್ಮೆಲ್ವೈಸ್ ಅವರು, ಕ್ಲೋರಿನ್‌ಯುಕ್ತ ಸುಣ್ಣದ ನೀರಿನಲ್ಲಿ ಕೈ ತೊಳೆದ ನಂತರವೇ ಗರ್ಭಿಣಿಯರನ್ನು ಮುಟ್ಟಬೇಕೆಂದು ಕಟ್ಟಳೆ ಮಾಡಿದರು. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಆಗಿನ ಅನೇಕ ವೈದ್ಯರು ತಮ್ಮ ಕೈಯೇ ಸಾವಿಗೆ ಕಾರಣವೆಂಬುದನ್ನು ಒಪ್ಪಲಿಲ್ಲ. ಸೆಮ್ಮೆಲ್ವೈಸ್ ತಮ್ಮ ಮಾತಿಗೆ ಮನ್ನಣೆ ದೊರೆಯುವುದನ್ನು ಕಾಣದೆಯೇ 1865ರಲ್ಲಿ ತೀರಿಕೊಂಡರು.

ಇಂದು ವಿಶ್ವ ಆರೋಗ್ಯ ಸಂಸ್ಥೆಯು ಆರೈಕೆ ಮಾಡುವವರು ಕೈ ಶುದ್ಧಿ ಮಾಡಿಕೊಳ್ಳಬೇಕಾದ ಐದು ಸಂದರ್ಭಗಳನ್ನು ನಿಗದಿಪಡಿಸಿದೆ. ರೋಗಿಯನ್ನು ಮುಟ್ಟುವ ಮೊದಲು. ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಶುದ್ಧ ಕ್ರಿಯೆಗಳ ಮೊದಲು. ರಕ್ತ, ಕಫ, ಮಲಮೂತ್ರಗಳು ತಾಗಿರಬಹುದಾದ ಕೆಲಸದ ನಂತರ. ರೋಗಿಯನ್ನು ಮುಟ್ಟಿದ ನಂತರ. ರೋಗಿಯ ಹಾಸಿಗೆ, ಮೇಜು, ಮಂಚದ ಸರಳು ಮೊದಲಾದ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಮೊದಲ ಎರಡು ರೋಗಿಯ ರಕ್ಷಣೆಗಾಗಿ, ಉಳಿದ ಮೂರು ನಮ್ಮ ಮತ್ತು ಇತರರ ರಕ್ಷಣೆಗಾಗಿ.

ಸಾಬೂನು ಮತ್ತು ನೀರಿನಿಂದ ತೊಳೆಯುವುದಾದರೆ ಆರಂಭದಿಂದ ಒರೆಸುವವರೆಗೆ 40ರಿಂದ 60 ಸೆಕೆಂಡು ಬೇಕು. ಅಂಗೈ, ಮುಂಗೈ, ಬೆರಳುಗಳ ಸಂದು, ಹೆಬ್ಬೆರಳಿನ ಬುಡ, ಉಗುರಿನ ತುದಿ, ಮಣಿಕಟ್ಟು ಈ ಯಾವುದನ್ನೂ ಬಿಡಬಾರದು. ಹೆಬ್ಬೆರಳು ಮತ್ತು ಉಗುರಿನ ತುದಿಗಳೇ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗಗಳು. ಕೈಯಲ್ಲಿ ಕೊಳೆ ಕಾಣದಿದ್ದಾಗ ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು 20ರಿಂದ 30 ಸೆಕೆಂಡು ಉಜ್ಜಿ ಒಣಗಿಸಿದರೆ ಸಾಕು. ಆದರೆ ಕೈಗೆ ಕೊಳೆ ಅಥವಾ ರಕ್ತ ಅಂಟಿದ್ದರೆ, ಭೇದಿಯಾಗುತ್ತಿರುವ ರೋಗಿಯ ಆರೈಕೆ ಮಾಡಿದ್ದರೆ, ಸಾಬೂನು ನೀರೇ ಆಗಬೇಕು. ಭೇದಿ ತರುವ ಕೆಲವು ರೋಗಾಣುಗಳ ಮೇಲೆ ಸ್ಯಾನಿಟೈಸರಿನ ಪ್ರಭಾವ ಕಡಿಮೆ. ತೊಳೆದ ಕೈಯನ್ನು ಸೆರಗಿಗೋ ಪಂಚೆಗೋ ಒರೆಸಿದರೆ ತೊಳೆದ ಫಲ ಉಳಿಯುವುದಿಲ್ಲ. ಶುದ್ಧವಾದ ಬಟ್ಟೆಯಲ್ಲಿ ಒರೆಸಬೇಕು ಅಥವಾ ಗಾಳಿಗೆ ಒಣಗಲು ಬಿಡಬೇಕು.

ಉಂಗುರ, ಬಳೆ, ಕೈಗೆ ಕಟ್ಟಿಕೊಂಡ ದಾರಗಳ ಅಡಿಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ. ರೋಗಿಯ ಸೇವೆಗೆ ತೊಡಗುವ ಮೊದಲು ಅವುಗಳನ್ನು ತೆಗೆದಿಟ್ಟು, ತೋಳನ್ನು ಮೊಣಕೈಯವರೆಗೆ ಮಡಿಸಿಕೊಳ್ಳುವುದು ಒಳ್ಳೆಯದು. ಇಷ್ಟಲಿಂಗಧಾರಿಗಳು ಕರಡಿಗೆಯನ್ನು ಉಡುಪಿನ ಒಳಗೆ ಇರಿಸಿಕೊಂಡರೆ, ಬಾಗಿ ಕೆಲಸ ಮಾಡುವಾಗ ಅದು ರೋಗಿಯ ಗಾಯಕ್ಕೋ ಹಾಸಿಗೆಗೋ ತಾಗುವುದಿಲ್ಲ. ಲಿಂಗಪೂಜೆಗೆ ಕೂಡುವ ಮುನ್ನ ಮಾತ್ರವಲ್ಲದೆ ರೋಗಿಯನ್ನು ಮುಟ್ಟುವ ಮುನ್ನವೂ ಕೈ ತೊಳೆಯುವುದು ನಮ್ಮ ನಿತ್ಯದ ನಡೆಯಾಗಬೇಕು.

ಕೈಗವಸು, ಮುಖಗವಸು, ಮೇಲುಡುಪು

ರಕ್ತ ಅಥವಾ ದೇಹದ್ರವ ಕೈಗೆ ತಾಗುವ ಸಂಭವವಿದ್ದಾಗ ಕೈಗವಸು ಧರಿಸಬೇಕು. ಅವು ಸಿಡಿಯುವ ಸಂಭವವಿದ್ದರೆ ಮುಖಗವಸು, ಕನ್ನಡಕ ಮತ್ತು ಮೇಲುಡುಪನ್ನೂ ಧರಿಸಬೇಕು. ಜ್ವರ ನೋಡುವುದಕ್ಕೆ, ರಕ್ತದೊತ್ತಡ ಅಳೆಯುವುದಕ್ಕೆ, ಊಟ ಕೊಡುವುದಕ್ಕೆ ಕೈಗವಸಿನ ಅಗತ್ಯವಿಲ್ಲ. ತೊಳೆದ ಕೈ ಸಾಕು. ಅನಗತ್ಯವಾದ ಕೈಗವಸು ಒಂದು ಹುಸಿ ಧೈರ್ಯವನ್ನು ಕೊಡುತ್ತದೆ. ಒಂದೇ ಕೈಗವಸಿನಲ್ಲಿ ಹತ್ತು ಮಂದಿಯನ್ನು ಮುಟ್ಟುವವರು ತಮ್ಮನ್ನು ಮಾತ್ರ ಕಾಪಾಡಿಕೊಂಡು ಹತ್ತು ಮಂದಿಗೂ ಸೋಂಕನ್ನು ಹಂಚುತ್ತಾರೆ. ಒಬ್ಬ ರೋಗಿಗೆ ಒಂದು ಜೊತೆ, ಕಳಚಿದ ಕೂಡಲೇ ಕೈತೊಳೆತ ಎಂಬುದು ನಿಯಮ.

ಧರಿಸುವುದಕ್ಕಿಂತ ಕಳಚುವಾಗ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಆಗ ಹೊರಮೈಯಲ್ಲಿ ರೋಗಾಣು ಇರುತ್ತದೆ. ಮೊದಲು ಕೈಗವಸನ್ನು ಒಳಮೈ ಹೊರಗಾಗುವಂತೆ ಸುತ್ತಿ ತೆಗೆಯಬೇಕು. ಕೈ ಶುದ್ಧಿ ಮಾಡಿಕೊಳ್ಳಬೇಕು. ನಂತರ ಕನ್ನಡಕ ಮತ್ತು ಮೇಲುಡುಪು. ಕೊಠಡಿಯಿಂದ ಹೊರಬಂದ ಮೇಲೆ ಕಡೆಯದಾಗಿ ಮುಖಗವಸನ್ನು, ಅದರ ಮುಂಭಾಗ ಮುಟ್ಟದೆ, ದಾರ ಹಿಡಿದು ತೆಗೆಯಬೇಕು. ಮತ್ತೊಮ್ಮೆ ಕೈ ತೊಳೆಯಬೇಕು.

ಕೆಲವು ರೋಗಗಳಿಗೆ ಸಾಮಾನ್ಯ ಮುನ್ನೆಚ್ಚರಿಕೆಯ ಜೊತೆಗೆ ಹೆಚ್ಚಿನ ಕ್ರಮಗಳು ಬೇಕಾಗುತ್ತವೆ. ಭೇದಿ, ಕಜ್ಜಿ, ಕೀವು ಸೋರುವ ಗಾಯಗಳು ಸ್ಪರ್ಶದಿಂದ ಹರಡುತ್ತವೆ; ಅಲ್ಲಿ ಕೈಗವಸು, ಮೇಲುಡುಪು, ಪ್ರತ್ಯೇಕ ಸಾಮಗ್ರಿಗಳು ಬೇಕು. ಫ್ಲೂ, ನಾಯಿಕೆಮ್ಮು ಮುಂತಾದವು ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿಗಳಿಂದ ಹರಡುತ್ತವೆ. ಅಲ್ಲಿ ಸಾಧಾರಣ ಶಸ್ತ್ರಚಿಕಿತ್ಸಾ ಮುಖಗವಸು ಬೇಕು. ಶ್ವಾಸಕೋಶದ ಕ್ಷಯ, ದಡಾರ, ಸೀತಾಳೆ ಸಿಡುಬುಗಳ ರೋಗಾಣುಗಳು ಗಾಳಿಯಲ್ಲಿ ಬಹಳ ಹೊತ್ತು ತೇಲಬಲ್ಲವು. ಅಲ್ಲಿ ಆರೈಕೆ ಮಾಡುವವರಿಗೆ ಎನ್-95 ಮುಖಗವಸು, ರೋಗಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕು. ಮಳೆಗಾಲದಲ್ಲಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಕೊಳ್ಳುವ ನಮ್ಮ ಮಲೆನಾಡಿನ ಮನೆಗಳಲ್ಲಿ, ಕೆಮ್ಮಿನ ರೋಗಿ ಮಲಗಿರುವ ಕೋಣೆಯ ಕಿಟಕಿಯನ್ನಾದರೂ ತೆರೆದಿಡುವುದು ಅವಶ್ಯ.

ಸೂಜಿಯ ಅಪಾಯ

ಆಸ್ಪತ್ರೆಯ ಸಿಬ್ಬಂದಿ ಎದುರಿಸುವ ಅಪಾಯಗಳಲ್ಲಿ ಬಳಸಿದ ಸೂಜಿ ಚುಚ್ಚಿಕೊಳ್ಳುವುದು ಮುಖ್ಯವಾದುದು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ರೋಗಿಯ ರಕ್ತವಿರುವ ಸೂಜಿ ಚುಚ್ಚಿದರೆ 100ಕ್ಕೆ 6ರಿಂದ 30 ಮಂದಿಗೆ ಸೋಂಕು ತಗುಲಬಹುದು. ಎಚ್‌ಐವಿ ವಿಷಯದಲ್ಲಿ ಇದು 1000ಕ್ಕೆ ಸುಮಾರು 3. ಇಂತಹ ಅನೇಕ ಅಪಘಾತಗಳು ಬಳಸಿದ ಸೂಜಿಗೆ ಮರಳಿ ಮುಚ್ಚಳ ಹಾಕುವಾಗ ಸಂಭವಿಸುತ್ತವೆ. ಆದ್ದರಿಂದ ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು, ಬಗ್ಗಿಸಬಾರದು, ಕೈಯಿಂದ ಕೈಗೆ ದಾಟಿಸಬಾರದು. ಬಳಸಿದವರೇ ಅದನ್ನು ಆ ಕ್ಷಣವೇ, ಚುಚ್ಚಿ ತೂತಾಗದ ಗಟ್ಟಿ ಡಬ್ಬಿಗೆ ಹಾಕಬೇಕು. ಡಬ್ಬಿ ಮುಕ್ಕಾಲು ಭಾಗ ತುಂಬಿದಾಗ ಮುಚ್ಚಿಬಿಡಬೇಕು.

ಅಕಸ್ಮಾತ್ ಚುಚ್ಚಿದರೆ ಆ ಜಾಗವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಬೆರಳನ್ನು ಬಾಯಿಗೆ ಇಟ್ಟುಕೊಳ್ಳುವುದಾಗಲಿ, ಹಿಂಡುವುದಾಗಲಿ, ಬ್ಲೀಚಿಂಗ್ ನೀರು ಸುರಿಯುವುದಾಗಲಿ ಕೂಡದು. ತಡಮಾಡದೆ ಮೇಲಧಿಕಾರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದಷ್ಟು ಬೇಗ, ಎರಡು ಗಂಟೆಗಳೊಳಗಾದರೆ ಉತ್ತಮ, 72 ಗಂಟೆಗಳ ಒಳಗಂತೂ ಆರಂಭಿಸಿ 28 ದಿನ ಸೇವಿಸಬೇಕು. ‘ಬೈಗುಳ ತಿನ್ನಬೇಕಾಗುತ್ತದೆ’ ಎಂಬ ಅಂಜಿಕೆಯಿಂದ ಮುಚ್ಚಿಟ್ಟವರು ಈ ಅಮೂಲ್ಯ ಸಮಯವನ್ನು ಕಳೆದುಕೊಳ್ಳುತ್ತಾರೆ. ಸಿಬ್ಬಂದಿಯ ಮೇಲಿರುವವರು ಗದರದೆ ಕೇಳುವುದೂ ಸೋಂಕು ನಿಯಂತ್ರಣದ ಒಂದು ಭಾಗವೇ. ಹೆಪಟೈಟಿಸ್ ಬಿ ತಡೆಗೆ ಪರಿಣಾಮಕಾರಿ ಲಸಿಕೆಯಿದೆ. ಮೊದಲನೆಯ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಬಾರಿ ಪಡೆಯಬೇಕು. ಭಕ್ತರ ಮನೆಗಳಲ್ಲಿ ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಇದ್ದರೆ, ಅವರು ಈ ಲಸಿಕೆಯನ್ನು ಪೂರ್ಣವಾಗಿ ಪಡೆದಿರುವರೇ ಎಂದು ಮನೆಯವರು ಇಂದೇ ವಿಚಾರಿಸಬೇಕು.

ತೊಳೆಯುವ ಕಾಯಕ

ಸ್ವಚ್ಛಗೊಳಿಸುವುದಕ್ಕೂ ರೋಗಾಣು ನಾಶಪಡಿಸುವುದಕ್ಕೂ ವ್ಯತ್ಯಾಸವಿದೆ. ಕೊಳೆಯ ಮೇಲೆ ಎಷ್ಟೇ ಔಷಧಿ ಸುರಿದರೂ ಅದು ಒಳಗಿನ ರೋಗಾಣುವನ್ನು ತಲುಪದು. ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆಯಬೇಕು, ಆಮೇಲೆ ರೋಗಾಣುನಾಶಕ ಬಳಸಬೇಕು. ನೆಲಕ್ಕೆ ರಕ್ತ ಚೆಲ್ಲಿದ್ದರೆ ಮಾತ್ರ ಕ್ರಮ ಸ್ವಲ್ಪ ಬೇರೆ. ಕೈಗವಸು ಧರಿಸಿ, ಚೆಲ್ಲಿದ ಜಾಗದ ಮೇಲೆ ಹೀರುವ ಬಟ್ಟೆ ಅಥವಾ ಕಾಗದ ಹಾಸಿ, ಶೇಕಡಾ 1ರ ಕ್ಲೋರಿನ್ ದ್ರಾವಣ ಸುರಿದು, ಕನಿಷ್ಠ 10 ನಿಮಿಷ ಬಿಟ್ಟು, ನಂತರ ಒರೆಸಿ ತೆಗೆಯಬೇಕು. ಶೇಕಡಾ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬೆರೆಸಿದರೆ ಈ ದ್ರಾವಣ ಸಿದ್ಧವಾಗುತ್ತದೆ. ಅದನ್ನು ಆಯಾ ದಿನವೇ ತಯಾರಿಸಬೇಕು. ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದೂ ಬೆರೆಸಬಾರದು. ಹಾಗೆ ಮಾಡಿದರೆ ವಿಷಾನಿಲ ಹೊಮ್ಮುತ್ತದೆ.

ಆಸ್ಪತ್ರೆಯ ಕಸವನ್ನು ಬೇರ್ಪಡಿಸುವುದಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ನಾಲ್ಕು ಬಣ್ಣಗಳನ್ನು ಗೊತ್ತುಪಡಿಸಿವೆ. ರಕ್ತ ಅಂಟಿದ ಹತ್ತಿ, ಪಟ್ಟಿ, ದೇಹದ ಭಾಗಗಳು ಹಳದಿಗೆ. ಕೊಳವೆ, ಸೂಜಿ ತೆಗೆದ ಸಿರಿಂಜ್, ಕೈಗವಸು ಮುಂತಾದ ಪ್ಲಾಸ್ಟಿಕ್ ಮತ್ತು ರಬ್ಬರ್ ಕೆಂಪಿಗೆ. ಸೂಜಿ, ಬ್ಲೇಡುಗಳು ಬಿಳಿಯ ಗಟ್ಟಿ ಡಬ್ಬಿಗೆ. ಗಾಜಿನ ಸೀಸೆಗಳು ನೀಲಿಗೆ. ಇದನ್ನು ಬೇರ್ಪಡಿಸಬೇಕಾದವರು ಬಳಸಿದವರೇ ಹೊರತು, ಕಸ ಒಯ್ಯುವವರಲ್ಲ. ದಾದಿಯೊಬ್ಬರು ಅವಸರದಲ್ಲಿ ತಪ್ಪು ಚೀಲಕ್ಕೆ ಹಾಕಿದ ಸೂಜಿ, ಆ ಚೀಲ ಎತ್ತುವ ಕಾರ್ಮಿಕರ ಕೈಗೆ ಚುಚ್ಚುತ್ತದೆ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸೂಜಿಗಳನ್ನು ತೋಟಕ್ಕೆ ಎಸೆಯದೆ, ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು, ಆರೋಗ್ಯ ಕೇಂದ್ರದವರನ್ನು ಕೇಳಿ ಒಪ್ಪಿಸಬೇಕು.

ರೋಗಿಯ ಬಟ್ಟೆಗಳನ್ನು ಕೊಡವಬಾರದು. ಮೈಗೆ ತಾಗದಂತೆ ಸುತ್ತಿ ಒಯ್ದು, ಬಿಸಿನೀರು ಮತ್ತು ಸಾಬೂನಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಇದ್ದರು, ಬಟ್ಟೆ ತೊಳೆಯುವ ಕಾಯಕದ ಮಡಿವಾಳ ಮಾಚಯ್ಯನವರೂ ಇದ್ದರು. ಅನುಭವ ಮಂಟಪದಲ್ಲಿ ಇಬ್ಬರಿಗೂ ಸಮಾನ ಗೌರವ. ಆಸ್ಪತ್ರೆಯಲ್ಲಿಯೂ ಹಾಗೆಯೇ. ಶಸ್ತ್ರಚಿಕಿತ್ಸಕರು ಎಷ್ಟೇ ನಿಪುಣರಾದರೂ, ಉಪಕರಣ ಕುದಿಸುವವರು, ನೆಲ ಒರೆಸುವವರು, ಬಟ್ಟೆ ಒಗೆಯುವವರು ತಪ್ಪಿದರೆ ರೋಗಿಯ ಗಾಯ ಕೀವಾಗುತ್ತದೆ.

ಭಕ್ತರು ಪಾಲಿಸಬಹುದಾದ ನಿಯಮಗಳು

ರೋಗಿಯನ್ನು ನೋಡಲು ಹೋಗುವುದು ನಮ್ಮ ಸಮಾಜದ ಒಳ್ಳೆಯ ಪದ್ಧತಿ. ಮಣಿಪಾಲದಲ್ಲೋ ಶಿವಮೊಗ್ಗದಲ್ಲೋ ದಾಖಲಾದ ಬಂಧುವನ್ನು ಕಾಣಲು ಘಟ್ಟ ಇಳಿದು, ಹೊಳೆ ದಾಟಿ ಹೋಗುವ ಪ್ರೀತಿ ಬೆಲೆಯುಳ್ಳದ್ದು. ಆದರೆ ತಮಗೇ ಕೆಮ್ಮು, ಜ್ವರ, ಭೇದಿ ಇರುವವರು ಆಗ ಹೋಗಬಾರದು. ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಮಂದಿ ಒಳಗೆ ಹೋಗಬಾರದು. ರೋಗಿಯ ಹಾಸಿಗೆಯ ಮೇಲೆ ಕೂಡಬಾರದು. ಒಳಹೋಗುವಾಗಲೂ ಹೊರಬರುವಾಗಲೂ ಕೈ ಶುದ್ಧಿ ಮಾಡಿಕೊಳ್ಳಬೇಕು. ದಾದಿಯು ಕೈ ತೊಳೆಯದೆ ರೋಗಿಯ ಬಳಿ ಬಂದರೆ ‘ಅಮ್ಮಾ, ದಯವಿಟ್ಟು ಕೈ ಶುದ್ಧಿ ಮಾಡಿಕೊಳ್ಳಿ’ ಎಂದು ವಿನಯದಿಂದ ನೆನಪಿಸುವುದರಲ್ಲಿ ತಪ್ಪೇನೂ ಇಲ್ಲ.

ಮಠದ ದಾಸೋಹದಲ್ಲಿ ಅಡುಗೆ ಮಾಡುವ, ಬಡಿಸುವ ಸೇವೆಯಲ್ಲಿರುವವರು ಭೇದಿ ಅಥವಾ ವಾಂತಿಯಾದಾಗ, ಅದು ನಿಂತ 48 ಗಂಟೆಗಳವರೆಗೆ ಆ ಸೇವೆಯನ್ನು ಇತರರಿಗೆ ಬಿಟ್ಟುಕೊಡಬೇಕು. ಇದರಿಂದ ಸೇವೆಗೆ ಕುಂದಿಲ್ಲ. ಪಂಕ್ತಿಯಲ್ಲಿ ಕುಳಿತ ನೂರಾರು ಮಂದಿಯ ಆರೋಗ್ಯ ಕಾಯುವುದೂ ದಾಸೋಹವೇ.

ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಬಯಲಾಗಿರುವ ಚರ್ಮಕ್ಕೆ ಹಚ್ಚಿಕೊಳ್ಳಬೇಕು. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡಿ, ಮೈಮೇಲೆ ಉಣುಗು ಇದೆಯೇ ಎಂದು ನೋಡಿಕೊಳ್ಳಬೇಕು. ಧರಿಸಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಸಂಭವವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಗುಳಿಗೆಗಳನ್ನು ತಾವಾಗಿ ನುಂಗಬಾರದು.

ಮತ್ತೆ ಆ ಮನೆಯ ಬಾಗಿಲಿಗೆ ಬರೋಣ. ಜ್ವರದಲ್ಲಿ ಮಲಗಿರುವ ಯಜಮಾನರ ರೋಗ ಯಾವುದೆಂದು ಇನ್ನೂ ತಿಳಿದಿಲ್ಲ. ದಾದಿ ಕೈ ಶುದ್ಧಿ ಮಾಡಿಕೊಂಡು, ಕೈಗವಸು ಧರಿಸಿ ರಕ್ತ ತೆಗೆಯುತ್ತಾಳೆ. ಸೂಜಿಯನ್ನು ಡಬ್ಬಿಗೆ ಹಾಕಿ, ಕೈಗವಸು ಕಳಚಿ, ಮತ್ತೆ ಕೈ ಶುದ್ಧಿ ಮಾಡಿಕೊಳ್ಳುತ್ತಾಳೆ. ಮಡದಿ ವಾಂತಿಯನ್ನು ಒರೆಸಿ, ಸಾಬೂನಿನಿಂದ ಕೈ ತೊಳೆದು ಗಂಜಿ ಕುಡಿಸುತ್ತಾಳೆ. ನೆರೆಯವರು ಬಂದು, ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯನ್ನು ಒಳಗೆ ತುಂಬಿಕೊಟ್ಟು ಹೋಗುತ್ತಾರೆ. ನಾಳೆ ಬರುವ ಫಲಿತಾಂಶ ಏನೇ ಇರಲಿ, ಇವರಲ್ಲಿ ಯಾರೂ ರೋಗಿಯನ್ನು ಕೈಬಿಡಲಿಲ್ಲ, ಯಾರೂ ತಮ್ಮನ್ನು ಅಪಾಯಕ್ಕೆ ಒಡ್ಡಿಕೊಳ್ಳಲೂ ಇಲ್ಲ. ಸದ್ಭಕ್ತರ ಪ್ರತಿಯೊಂದು ಮನೆಯಲ್ಲಿಯೂ ಆರೈಕೆ ಹೀಗೆ ನಡೆಯಲಿ ಎಂಬುದೇ ನಮ್ಮ ಹಾರೈಕೆ.